ಟೆಕ್ನಿಕಲ್ ಸಪೋರ್ಟ್ ಎಂಜಿನಿಯರ್ ಸಂದರ್ಶನ: ಸಿದ್ಧತೆ ಹೀಗಿರಲಿ

ಗ್ರಾಹಕರ ಸರ್ವರ್ ನಡುರಾತ್ರಿ ಕೈಕೊಟ್ಟರೆ ಕರೆ ಬರುವುದು ಟೆಕ್ನಿಕಲ್ ಸಪೋರ್ಟ್ ಎಂಜಿನಿಯರ್‌ಗೆ. ಬೆಂಗಳೂರಿನಲ್ಲಿ ಕಚೇರಿಗಳಿರುವ ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್, ಸಿಸ್ಕೊದಂಥ ಕಂಪನಿಗಳಲ್ಲಿ ಈ ಹುದ್ದೆಗಳಿವೆ. ಸಂದರ್ಶನದಲ್ಲಿ ಸರಿಯುತ್ತರದಷ್ಟೇ ಬೆಲೆ ಅದನ್ನು ತಲುಪಿದ ದಾರಿಗೂ ಇದೆ. ಆ ದಾರಿ ಅಭ್ಯಾಸದಿಂದ ಬರುತ್ತದೆ.

1. ಜಾಹೀರಾತನ್ನು ಬಿಡಿಸಿ ಓದಿ

ಹುದ್ದೆಯ ಹೆಸರು ಒಂದೇ ಆದರೂ ಕೆಲಸ ಕ್ಲೌಡ್, ನೆಟ್‌ವರ್ಕ್ ಅಥವಾ ಡೇಟಾಬೇಸ್‌ಗೆ ಸಂಬಂಧಿಸಿರಬಹುದು. ಕೇಳಿರುವ ಕೌಶಲಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಎದುರು ನೀವು ಮಾಡಿದ ಕೆಲಸ ಬರೆಯಿರಿ. ಖಾಲಿ ಉಳಿದದ್ದನ್ನು ಮೊದಲು ಓದಿ. ರೆಸ್ಯೂಮೆಯ ಯಾವ ಪದದ ಮೇಲಾದರೂ ಪ್ರಶ್ನೆ ಬರಬಹುದು, ಗೊತ್ತಿಲ್ಲದ್ದನ್ನು ಸೇರಿಸಬೇಡಿ. ರಾತ್ರಿ ಪಾಳಿ ಇದೆಯೇ ಎಂದೂ ಕೇಳಿಕೊಳ್ಳಿ.

2. ಬುನಾದಿ ಗಟ್ಟಿ ಮಾಡಿ

ಬ್ರೌಸರ್‌ನಲ್ಲಿ ವಿಳಾಸ ಬರೆದು ಎಂಟರ್ ಒತ್ತಿದರೆ ಏನೇನಾಗುತ್ತದೆ? ಇದು ಬಹಳ ಹಳೆಯ, ಇಂದಿಗೂ ಕೇಳುವ ಪ್ರಶ್ನೆ. ಡಿಎನ್ಎಸ್‌ನಿಂದ ಐಪಿ ವಿಳಾಸ, ಟಿಸಿಪಿಯ ಮೂರು ಹಂತದ ಹ್ಯಾಂಡ್‌ಶೇಕ್, ಟಿಎಲ್ಎಸ್ ಗೂಢಲಿಪೀಕರಣ, ಎಚ್‌ಟಿಟಿಪಿ ಕೋರಿಕೆ ಮತ್ತು ಉತ್ತರ, ಇವನ್ನು ಕ್ರಮವಾಗಿ ಹೇಳಲು ಬರಬೇಕು. 22, 53, 443 ಪೋರ್ಟ್‌ಗಳು ಯಾವ ಸೇವೆಗೆ, 404, 500, 502, 504 ಸಂಕೇತಗಳ ನಡುವಿನ ವ್ಯತ್ಯಾಸವೇನು ಎಂಬುದು ತಿಳಿದಿರಲಿ.

3. ನೀವೇ ಕೆಡಿಸಿ, ನೀವೇ ಸರಿಪಡಿಸಿ

ಉಚಿತವಾಗಿ ಸಿಗುವ ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟು ಹಾಕಿಕೊಳ್ಳಿ. ವೆಬ್ ಸರ್ವರ್ ನಿಲ್ಲಿಸಿ, ಡಿಎನ್ಎಸ್ ಸೆಟ್ಟಿಂಗ್ ಬದಲಿಸಿ, ಡಿಸ್ಕ್ ತುಂಬಿಸಿ. ನಂತರ ಟಾಪ್, ಡಿಎಫ್, ಡಿಗ್, ಕರ್ಲ್ ಕಮಾಂಡ್‌ಗಳಿಂದ ದೋಷ ಪತ್ತೆ ಮಾಡಿ, ಲಾಗ್ ಓದುವುದನ್ನು ರೂಢಿಸಿಕೊಳ್ಳಿ.

4. ಸಮಸ್ಯೆಯನ್ನು ಕ್ರಮವಾಗಿ ಬಿಡಿಸಿ

ಸಂದರ್ಶಕರು ‘ನಮ್ಮ ವೆಬ್‌ಸೈಟ್ ತೆರೆಯುತ್ತಿಲ್ಲ’ ಎಂಬ ದೂರು ಕೊಟ್ಟರೆ ‘ಸರ್ವರ್ ರೀಸ್ಟಾರ್ಟ್ ಮಾಡುತ್ತೇನೆ’ ಎಂದು ಅವಸರಪಡಬೇಡಿ. ಮೊದಲು ಕೇಳಿ: ಯಾವಾಗಿನಿಂದ? ಎಲ್ಲರಿಗೂ ಹೀಗೆಯೇ, ಕೆಲವರಿಗೆ ಮಾತ್ರವೇ? ಇತ್ತೀಚೆಗೆ ಏನು ಬದಲಾಯಿತು? ಪರದೆಯ ಮೇಲೆ ಬಂದ ಸಂದೇಶವೇನು?

ನಂತರ ಒಂದೊಂದೇ ಪದರ ಪರೀಕ್ಷಿಸಿ. ಪಿಂಗ್‌ಗೆ ಉತ್ತರ ಬಂದೂ ಪುಟ ತೆರೆಯದಿದ್ದರೆ, ಫೈರ್‌ವಾಲ್ 443ನೇ ಪೋರ್ಟ್ ತಡೆದಿರಬಹುದು ಅಥವಾ ವೆಬ್ ಸರ್ವರ್ ತಂತ್ರಾಂಶ ನಿಂತಿರಬಹುದು. ಡಿಸ್ಕ್ ತುಂಬಿದ ದೂರು ಬಂದು, ಭಾರಿ ಲಾಗ್ ಫೈಲ್ ಅಳಿಸಿದರೂ ಜಾಗ ಸಿಗದಿದ್ದರೆ, ಯಾವುದೋ ಪ್ರೋಸೆಸ್ ಆ ಫೈಲನ್ನು ಇನ್ನೂ ಹಿಡಿದುಕೊಂಡಿರಬಹುದು. ಎಲ್ಎಸ್ಒಎಫ್ ಕಮಾಂಡ್ ಅದನ್ನು ತೋರಿಸುತ್ತದೆ. ಪ್ರತಿ ಹೆಜ್ಜೆಯಲ್ಲೂ ಏನು ನೋಡುತ್ತಿದ್ದೀರಿ, ಏಕೆ ಎಂಬುದನ್ನು ಬಾಯಿಬಿಟ್ಟು ಹೇಳಿ. ಮೌನವಾಗಿ ಯೋಚಿಸಿದರೆ ಸಂದರ್ಶಕರಿಗೆ ಏನೂ ತಿಳಿಯುವುದಿಲ್ಲ.

5. ನಡವಳಿಕೆಯ ಪ್ರಶ್ನೆಗಳು

ಅಮೆಜಾನ್‌ಗೆ ಹೋಗುವವರು ಅದರ 16 ನಾಯಕತ್ವ ಸೂತ್ರಗಳನ್ನು ಓದಲೇಬೇಕು. ಸಂದರ್ಭ, ಹೊಣೆ, ಕ್ರಮ, ಫಲಿತಾಂಶ ಎಂಬ ಅನುಕ್ರಮದಲ್ಲಿ ನಿಮ್ಮದೇ ನಾಲ್ಕೈದು ಅನುಭವಗಳನ್ನು ಬರೆದಿಟ್ಟುಕೊಳ್ಳಿ. ಕಾಲೇಜು ಪ್ರಾಜೆಕ್ಟ್‌ ಆದರೂ ಸರಿ. ಸಿಟ್ಟಾದ ಗ್ರಾಹಕರನ್ನು ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದರೆ ಉತ್ತರ ಇದು: ಪೂರ್ತಿ ಕೇಳಿಸಿಕೊಳ್ಳುವುದು, ಅರ್ಥವಾದದ್ದನ್ನು ಮರಳಿ ಹೇಳುವುದು, ಮುಂದಿನ ಮಾಹಿತಿ ಎಷ್ಟು ಹೊತ್ತಿಗೆ ಕೊಡುವಿರೆಂದು ತಿಳಿಸಿ ಆ ಮಾತು ಉಳಿಸಿಕೊಳ್ಳುವುದು.

6. ಮಾತಿನ ಅಭ್ಯಾಸ

ಕನ್ನಡ ಮಾಧ್ಯಮದಲ್ಲಿ ಓದಿದವರು ಹಿಂಜರಿಯಬೇಕಿಲ್ಲ. ವಿಷಯವನ್ನು ಮೊದಲು ಕನ್ನಡದಲ್ಲಿ ಗೆಳೆಯರಿಗೆ ವಿವರಿಸಿ. ಅದು ತಿಳಿಯಾದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ, ತಿದ್ದಿಕೊಳ್ಳಿ.

ಸಂದರ್ಶನದಲ್ಲಿ ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲವೆಂದೇ ಹೇಳಿ. ಉತ್ತರವನ್ನು ಹೇಗೆ ಹುಡುಕುತ್ತೀರಿ ಎಂಬುದನ್ನೂ ಜೊತೆಗೇ ಹೇಳಿ. ಕೆಲಸಕ್ಕೆ ಸೇರಿದ ಮೇಲೆ ನೀವು ದಿನವೂ ಮಾಡಬೇಕಾದದ್ದು ಅದನ್ನೇ.