ಕನ್ನಡ ಪಾಠಕ್ಕೆ ಹೊರಟಿದ್ದೀರಾ? ಮೊದಲ ವಾರಗಳು ಹೀಗಿರಲಿ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಮನೆಗಳಲ್ಲಿ ಅಜ್ಜಿಯ ಮಾತು ಅರ್ಥವಾಗುವ, ಆದರೆ ಅಜ್ಜಿ ಓದುವ ಪುಸ್ತಕ ಓದಲಾರದ ಮಕ್ಕಳು ಬೇಕಾದಷ್ಟಿದ್ದಾರೆ. ಅವರಿಗೆ ಭಾನುವಾರ ಅಕ್ಷರ ಕಲಿಸಲು ಸೇವಾಭಾವದಿಂದ ಮುಂದಾಗುವವರೂ ಇದ್ದಾರೆ. ಆದರೆ ಕರ್ನಾಟಕದ ಮಗುವಿಗೆ ಕಲಿಸುವಂತೆಯೇ ಇಲ್ಲಿ ಕಲಿಸಹೊರಟರೆ ಮಕ್ಕಳು ಬೇಗ ಬೇಸರಪಡುತ್ತಾರೆ. ಇಲ್ಲಿನ ಮಗುವಿಗೆ ಏನು ಗೊತ್ತಿದೆಯೋ ಅಲ್ಲಿಂದಲೇ ಪಾಠ ಶುರುವಾಗಬೇಕು.

ಕಲಿಸುವ ಮುನ್ನ ಎದುರಿನವರನ್ನು ತಿಳಿಯಬೇಕೆಂಬುದನ್ನು ನಮ್ಮ ನಾಡಿಗೆ ಹೊರಗಿನಿಂದ ಬಂದ ಮಿಶನರಿಗಳು ಅರಿತಿದ್ದರು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದು, ಕನ್ನಡ ಕಲಿತು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರತಂದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರ ನಿಘಂಟು ಪ್ರಕಟವಾದದ್ದು 1894ರಲ್ಲಿ. ಅವರು ಬಂದ ಉದ್ದೇಶ ಧರ್ಮಪ್ರಚಾರ. ಆದರೂ ಕಲಿಸಬೇಕೆಂದವರು ಮೊದಲು ಕಲಿಯಬೇಕು ಎಂಬ ಅವರ ಕ್ರಮ ನಮಗೂ ಬೇಕು.

1. ಜಾಗ ಮತ್ತು ಸಮಯ

ಡೊಂಬಿವಲಿಯ ಕರ್ನಾಟಕ ಸಂಘ, ವಾಶಿಯ ನವಿ ಮುಂಬಯಿ ಕನ್ನಡ ಸಂಘದಂಥ ಸಂಸ್ಥೆಗಳಲ್ಲಿ ಮೊದಲು ವಿಚಾರಿಸಿ. ಕೋಣೆ ಸಿಗದಿದ್ದರೆ ಸೊಸೈಟಿಯ ಸಭಾಂಗಣ ಕೇಳಿ. ಮಕ್ಕಳು ನಡೆದು ಬರುವಷ್ಟು ಹತ್ತಿರವಿದ್ದರೆ ಒಳ್ಳೆಯದು. ನೀವು ಲೋಕಲ್‌ನಲ್ಲಿ ಬರುವವರಾದರೆ ಶನಿವಾರವೇ ಮೆಗಾಬ್ಲಾಕ್ ವಿವರ ನೋಡಿಕೊಳ್ಳಿ.

ಮಹಾರಾಷ್ಟ್ರದ ಶಾಲೆಗಳು ಜೂನ್ ಮಧ್ಯದಲ್ಲಿ ಆರಂಭವಾಗುತ್ತವೆ. ಜುಲೈನಲ್ಲಿ ತರಗತಿ ತೆರೆಯಿರಿ. ಗಣೇಶೋತ್ಸವ, ದೀಪಾವಳಿ, ಪರೀಕ್ಷೆಗಳ ರಜೆಯನ್ನು ಮೊದಲೇ ಗುರುತು ಹಾಕಿ ಪಾಲಕರಿಗೆ ಕೊಡಿ. ಒಂದು ಗಂಟೆಯ ಪಾಠ ಸಾಕು.

2. ಪಾಲಕರೊಂದಿಗೆ ಮಾತು

ಮನೆಯಲ್ಲಿ ಯಾವ ಮಾತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ತುಳು, ಕೊಂಕಣಿ, ಹವ್ಯಕ, ಕಲಬುರಗಿ ಕಡೆಯ ಕನ್ನಡ, ಎಲ್ಲವೂ ಒಂದೇ ಕೋಣೆಯಲ್ಲಿ ಸೇರುತ್ತವೆ. ಮನೆಮಾತನ್ನು ತಿದ್ದಲು ಹೋಗಬೇಡಿ. ‘ಹೋಗ್ತೀನ್ರಿ’ ಎಂದ ಮಗುವಿಗೆ ಅದು ತಪ್ಪೆಂದು ಹೇಳಿದರೆ ಅದರ ಅಜ್ಜಿಯನ್ನೇ ತಪ್ಪೆಂದಂತೆ.

ತುರ್ತು ಫೋನ್ ನಂಬರ್, ಮಗುವನ್ನು ಕರೆದೊಯ್ಯುವವರ ಹೆಸರು ಪಡೆಯಿರಿ. ಬಾಗಿಲು ತೆರೆದಿರಲಿ, ಜೊತೆಗೆ ಇನ್ನೊಬ್ಬ ಹಿರಿಯರಿರಲಿ. ಇದರಲ್ಲಿ ದಾಕ್ಷಿಣ್ಯ ಬೇಡ.

3. ಮೊದಲ ದಿನ: ಪುಸ್ತಕ ಬೇಡ

ಪ್ರತಿ ಮಗುವಿನ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದ ಚೀಟಿ ಕೊಡಿ. ಕೆಳಗೆ ದೇವನಾಗರಿಯಲ್ಲೂ ಬರೆಯಿರಿ. ಎರಡನ್ನೂ ಹೋಲಿಸಿ ಅಕ್ಷರ ಗುರುತಿಸುವುದು ಅವರಿಗೆ ಆಟ. ಊರು ಯಾವುದು, ಅಲ್ಲಿ ಯಾರಿದ್ದಾರೆ ಎಂದು ಮಾತಾಡಿಸಿ. ಮರಾಠಿಯಲ್ಲಿ ಉತ್ತರ ಬಂದರೆ ಒಪ್ಪಿಕೊಳ್ಳಿ, ಅದನ್ನೇ ಕನ್ನಡದಲ್ಲಿ ಒಮ್ಮೆ ಹೇಳಿ ಮುಂದೆ ಸಾಗಿ.

4. ಎರಡನೇ ವಾರದಿಂದ: ಐದೈದು ಅಕ್ಷರ

1995ರಲ್ಲಿ ಕರ್ನಾಟಕದ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾದ ನಲಿಕಲಿ ಕಲಿಕಾ ಪದ್ಧತಿ ‘ಅ ಆ ಇ ಈ’ಯಿಂದ ತೊಡಗುವುದಿಲ್ಲ. ಬರೆಯಲು ಸುಲಭವಾದ ರ, ಗ, ಸ, ದ, ಅ ಮೊದಲು ಬರುತ್ತವೆ. ಇಷ್ಟರಲ್ಲೇ ಸರ, ಅರಸ, ಗದಗ ಓದಬಹುದು. ಮುಂದೆ ಜ, ವ, ಮ, ಬ, ನ ಸೇರಿದರೆ ಮರ, ದನ, ನಗರ. ಕಲಿತ ವಾರವೇ ಓದಲು ಬಂತೆಂಬ ಖುಷಿ ಮಗುವನ್ನು ಮುಂದಿನ ಭಾನುವಾರ ಕರೆತರುತ್ತದೆ.

5. ಮರಾಠಿ ಓದಿದ ಮಕ್ಕಳು ತೊಡರುವ ಮೂರು ಕಡೆ

• ಕೊನೆಯ ಅಕಾರ: ಮರಾಠಿಯಲ್ಲಿ ‘ನಗರ’ವನ್ನು ‘ನಗರ್’ ಎಂದೇ ಉಚ್ಚರಿಸುವುದು. ಕನ್ನಡದಲ್ಲೂ ಮಕ್ಕಳು ಹಾಗೆಯೇ ಓದುತ್ತಾರೆ. ಅಕ್ಷರಕ್ಕೊಂದು ಚಪ್ಪಾಳೆ ಹಾಕಿಸಿ: ನ, ಗ, ರ.

• ಎ–ಏ, ಒ–ಓ: ಈ ಹ್ರಸ್ವ–ದೀರ್ಘ ಭೇದ ಮರಾಠಿ ಬರಹದಲ್ಲಿಲ್ಲ. ಬೆಳೆ–ಬೇಳೆ, ಕೊಡು–ಕೋಡು ಜೋಡಿಗಳನ್ನು ಚಿತ್ರ ತೋರಿಸಿ ಹೇಳಿಸಿ.

• ಒತ್ತಕ್ಷರ: ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗುತ್ತದೆ. ಕನ್ನಡದಲ್ಲಿ ಎರಡನೆಯದು ಕೆಳಗಿಳಿಯುತ್ತದೆ. ಕಾಗುಣಿತ ಗಟ್ಟಿಯಾದ ಮೇಲೆ ಅಮ್ಮ, ಅಪ್ಪ, ಅಕ್ಕ, ಅಣ್ಣ ಪದಗಳಿಂದಲೇ ಇದನ್ನು ಕಲಿಸಿ.

ಳ ಅಕ್ಷರಕ್ಕೆ ಹೆದರಬೇಕಿಲ್ಲ. ಮರಾಠಿಯಲ್ಲಿಯೂ ಅದಿದೆ.

6. ಪುಸ್ತಕ

ಅಕ್ಕಲಕೋಟೆ, ಜತ್ತ ಮುಂತಾದ ಕಡೆಯ ಕನ್ನಡ ಶಾಲೆಗಳಿಗಾಗಿ ಮಹಾರಾಷ್ಟ್ರದ ಬಾಲಭಾರತಿ ಕನ್ನಡ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ಅವನ್ನು ಇ-ಬಾಲಭಾರತಿ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಒಂದನೇ ತರಗತಿಯದನ್ನು ಆರಿಸಿ. ಹನ್ನೆರಡರ ಹುಡುಗನಿಗೆ ಅದು ಎಳೆಯರ ಪುಸ್ತಕವೆನಿಸಿದರೆ ಕ್ರಿಕೆಟ್ ಸುದ್ದಿಯ ತಲೆಬರಹ ಕತ್ತರಿಸಿ ಓದಿಸಿ.

7. ಮನೆಗೆಲಸ ಊರಿನ ದಾರಿಯಲ್ಲಿ

ಬರೆದದ್ದನ್ನೇ ಹತ್ತು ಸಲ ಬರೆಸುವ ಬದಲು ಓದಲು ನೆಪ ಕೊಡಿ. ಮೇ ರಜೆ ಮುಗಿಸಿ ಊರಿನಿಂದ ಮತ್ಸ್ಯಗಂಧ ರೈಲಿನಲ್ಲಿ ಥಾಣೆಗೆ ಮರಳುವ ಮಗು ಕಾರವಾರ ಬರುವವರೆಗೆ ನಿಲ್ದಾಣಗಳ ಕನ್ನಡ ಫಲಕ ಓದಿ ಪಟ್ಟಿ ಮಾಡಲಿ: ಭಟ್ಕಳ, ಹೊನ್ನಾವರ, ಕುಮಟಾ. ಕಲ್ಯಾಣದಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವ ಮಗುವಿಗೆ ಕಲಬುರಗಿ, ರಾಯಚೂರು ಇವೆ. ಮನೆಗೆ ಬಂದ ಮದುವೆ ಕಾಗದವೂ ಪಾಠವೇ.

8. ಒಂದು ವರ್ಷದ ಮಾತು

ಶುರುಮಾಡುವ ಮುನ್ನ ಒಂದು ಶಾಲಾವರ್ಷ ಪೂರ್ತಿ ಬರುತ್ತೇನೆಂದು ನಿಶ್ಚಯಿಸಿ. ನಡುವೆ ಕೈಬಿಟ್ಟ ತರಗತಿಗೆ ಮಕ್ಕಳನ್ನು ಮತ್ತೆ ಕರೆತರುವುದು ಬಹಳ ಕಷ್ಟ. ಯಾವ ಮಗು ಯಾವ ಅಕ್ಷರದವರೆಗೆ ಬಂದಿದೆ ಎಂದು ಪ್ರತಿ ವಾರ ಒಂದು ಪುಸ್ತಕದಲ್ಲಿ ಬರೆದಿಡಿ. ವರ್ಗಾವಣೆಯೋ ಅನಾರೋಗ್ಯವೋ ಬಂದಾಗ ಆ ಪುಸ್ತಕ ಹಿಡಿದು ಇನ್ನೊಬ್ಬರು ಮರುವಾರವೇ ಪಾಠ ಮುಂದುವರಿಸಬೇಕು. ಆ ಇನ್ನೊಬ್ಬರನ್ನು ಮೊದಲ ತಿಂಗಳಲ್ಲೇ ಹುಡುಕಿ, ಜೊತೆಯಲ್ಲಿ ಕೂರಿಸಿಕೊಳ್ಳಿ.