ಕಲ್ಲಿನೊಳಗಿನ ಕಾಳನ್ನು ಬಿಡಿಸುವುದು

ಗಣಿಯಿಂದ ತೆಗೆದ ಅದಿರು ನೇರವಾಗಿ ಕುಲುಮೆಗೆ ಹೋಗುತ್ತದೆ ಎಂದು ಹೊಸಬರು ಅಂದುಕೊಳ್ಳುವುದುಂಟು. ಹಾಗಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಒಂದು ಟನ್ ಅದಿರು ಮೇಲಕ್ಕೆ ಬಂದರೆ ಅದರಲ್ಲಿ ಇರುವುದು ಕೆಲವೇ ಗ್ರಾಂ ಚಿನ್ನ. ಮಿಕ್ಕದ್ದೆಲ್ಲ ಬರೀ ಕಲ್ಲು. ಆ ಕಲ್ಲಿನಿಂದ ಬೇಕಾದದ್ದನ್ನು ಬೇರೆ ಮಾಡುವ ವಿದ್ಯೆಗೆ ಅದಿರು ಸಂಸ್ಕರಣೆ ಎನ್ನುತ್ತಾರೆ. ಇದನ್ನು ಕಲಿಯಲು ಹೊರಟವರು ಒಂದು ಪ್ರಶ್ನೆಯನ್ನು ಸದಾ ಕೈಯಲ್ಲಿ ಹಿಡಿದಿರಬೇಕು: ಬೇಕಾದ ಕಣಕ್ಕೂ ಬೇಡದ ಕಣಕ್ಕೂ ಯಾವ ಗುಣದಲ್ಲಿ ವ್ಯತ್ಯಾಸ? ತೂಕದಲ್ಲೋ, ಕಾಂತಕ್ಕೆ ಅಂಟುವುದರಲ್ಲೋ, ನೀರಿಗೆ ನೆನೆಯುವುದರಲ್ಲೋ, ರಸಾಯನದಲ್ಲಿ ಕರಗುವುದರಲ್ಲೋ? ವ್ಯತ್ಯಾಸ ಸಿಕ್ಕಿದರೆ ದಾರಿ ಸಿಕ್ಕಿತು.

ಮೊದಲ ಪಾಠಕ್ಕೆ ಬೀಜಾಡಿಯ ಕಡಲತೀರ ಸಾಕು, ಯಂತ್ರ ಬೇಡ. ಮಳೆಗಾಲದ ಅಬ್ಬರ ಇಳಿದ ಮೇಲೆ ನಮ್ಮ ಕರಾವಳಿಯ ಹೊಯ್ಗೆಯ ಮೇಲೆ ಅಲ್ಲಲ್ಲಿ ಕಪ್ಪು ಗೆರೆಗಳು ಕಾಣಿಸುತ್ತವೆ. ಅದನ್ನು ಕೊಳೆ ಎಂದು ದಾಟಿಹೋಗಬೇಡಿ. ಏರಿ ಬರುವ ಅಲೆ ಎಲ್ಲ ಕಣಗಳನ್ನೂ ದಡಕ್ಕೆ ಎಸೆಯುತ್ತದೆ. ಹಿಂದಿರುಗುವ ನೀರಿಗೆ ಅಷ್ಟು ಬಲವಿಲ್ಲ. ಅದು ಹಗುರವಾದ ಬೆಣಚು ಕಣವನ್ನು ಎಳೆದುಕೊಂಡು ಹೋಗಿ, ಭಾರವಾದದ್ದನ್ನು ಅಲ್ಲೇ ಬಿಡುತ್ತದೆ. ಬೆಣಚು ಅದರಷ್ಟೇ ಗಾತ್ರದ ನೀರಿಗಿಂತ 2.65 ಪಟ್ಟು ಭಾರ. ಭಾರದ ಖನಿಜಗಳಲ್ಲಿ ಗಾರ್ನೆಟ್ ಸುಮಾರು 4 ಪಟ್ಟು, ಇಲ್ಮೆನೈಟ್ 4.7, ಮ್ಯಾಗ್ನಟೈಟ್ 5.2. ಹೀಗೆ ಅಲೆ ಸಾವಿರ ಸಲ ಬಂದು ಹೋದಾಗ ಉಳಿಯುವುದೇ ಆ ಕಪ್ಪು ಗೆರೆ. ಮನೆಯಲ್ಲಿ ಅಕ್ಕಿಯನ್ನು ನೀರಲ್ಲಿ ಗಾಳಿಸಿದಾಗ ಕಲ್ಲು ತಳದಲ್ಲಿ ನಿಲ್ಲುವುದಿಲ್ಲವೇ, ಅದೇ ನಿಯಮ.

ಆದರೆ ಇಲ್ಲೊಂದು ಸೂಕ್ಷ್ಮವಿದೆ, ನಿಧಾನವಾಗಿ ಗಮನಿಸಿ. ಚಿಟಿಕೆ ಕಪ್ಪು ಹೊಯ್ಗೆಯನ್ನು ಬಿಳಿ ಕಾಗದದ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡಿದರೆ, ಸಾಮಾನ್ಯವಾಗಿ ಕಪ್ಪು ಕಣಗಳು ಸಣ್ಣವು, ಜೊತೆಯಲ್ಲಿ ಉಳಿದ ಬಿಳಿ ಕಣಗಳು ದೊಡ್ಡವು. ಯಾಕೆ? ನೀರಿನಲ್ಲಿ ಸಣ್ಣ ಭಾರದ ಕಣವೂ ದೊಡ್ಡ ಹಗುರ ಕಣವೂ ಒಂದೇ ವೇಗದಲ್ಲಿ ಮುಳುಗಬಲ್ಲವು. ನೀರಿಗೆ ಅವೆರಡೂ ಒಂದೇ. ಆದ್ದರಿಂದ ತೂಕವನ್ನು ನೆಚ್ಚಿ ಬೇರ್ಪಡಿಸುವ ಯಾವ ಕಾರ್ಖಾನೆಯಲ್ಲೂ ಮೊದಲು ಕಣಗಳನ್ನು ಗಾತ್ರದ ಪ್ರಕಾರ ವಿಂಗಡಿಸುತ್ತಾರೆ. ಈ ಹೆಜ್ಜೆ ತಪ್ಪಿದರೆ ಮುಂದಿನ ಯಂತ್ರ ಎಷ್ಟೇ ಒಳ್ಳೆಯದಾದರೂ ಕಲಬೆರಕೆ ಮಾಲೇ ಬರುತ್ತದೆ.

ಈಗ ಅದೇ ಹೊಯ್ಗೆಯನ್ನು ಚೆನ್ನಾಗಿ ಒಣಗಿಸಿ. ಆಯಸ್ಕಾಂತವನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಇಲ್ಲದಿದ್ದರೆ ಅಂಟಿದ ಪುಡಿ ಮತ್ತೆ ಬಿಡುವುದಿಲ್ಲ, ಕಾಗದದಿಂದ ಸ್ವಲ್ಪ ಮೇಲೆ ಆಡಿಸಿ. ಮ್ಯಾಗ್ನಟೈಟ್ ಇದ್ದರೆ ಮುಳ್ಳಿನಂತೆ ನೆಟ್ಟಗೆ ಎದ್ದು ಅಂಟಿಕೊಳ್ಳುತ್ತದೆ. ಕಪ್ಪಾಗಿದ್ದೂ ಅಲುಗದೆ ಉಳಿದದ್ದರಲ್ಲಿ ಇಲ್ಮೆನೈಟ್ ಇರಬಹುದು. ಅದನ್ನು ಎಳೆಯಲು ತುಂಬ ಬಲವಾದ ಕಾಂತ ಬೇಕು. ಕೇರಳದ ಚವರದಲ್ಲಿ ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ತೂಕ, ಕಾಂತ ಎರಡೂ ಸಾಲದಾದಾಗ ಅಲ್ಲಿ ವಿದ್ಯುತ್ತಿನ ಮೊರೆ ಹೋಗುತ್ತಾರೆ: ಇಲ್ಮೆನೈಟ್, ರೂಟೈಲ್ ವಿದ್ಯುತ್ತನ್ನು ಹರಿಯಬಿಡುತ್ತವೆ, ಜಿರ್ಕಾನ್ ಬಿಡುವುದಿಲ್ಲ. ಆ ಕರಾವಳಿಯ ಖನಿಜ ಪತ್ತೆಯಾದದ್ದೂ ನಮ್ಮವರಿಗೆ ಹತ್ತಿರದ ಸಂಗತಿಯಿಂದ. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನಿಗೆ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜ ಕಂಡಿತು.

ಕಡಲತೀರದಲ್ಲಿ ಕಣಗಳು ಆಗಲೇ ಬಿಡಿಬಿಡಿಯಾಗಿವೆ. ಗಣಿಯಲ್ಲಿ ಹಾಗಲ್ಲ, ಬೇಕಾದದ್ದೂ ಬೇಡದ್ದೂ ಒಂದೇ ಕಲ್ಲಿನಲ್ಲಿ ಬೆಸೆದುಕೊಂಡಿರುತ್ತವೆ. ಮೊದಲು ಜಜ್ಜಿ, ಆಮೇಲೆ ಅರೆದು, ಒಂದೊಂದು ಕಣವನ್ನೂ ಬಿಡಿಸಬೇಕು. ಎಷ್ಟು ಅರೆಯಬೇಕು ಎಂಬುದೇ ಇಡೀ ಕೆಲಸದ ಕಷ್ಟದ ತೀರ್ಮಾನ. ಕಡಿಮೆ ಅರೆದರೆ ಅರ್ಧ ಕಬ್ಬಿಣ ಅರ್ಧ ಬೆಣಚು ಅಂಟಿದ ಕಣ ಉಳಿಯುತ್ತದೆ, ಅದನ್ನು ಯಾವ ಯಂತ್ರವೂ ಬೇರೆ ಮಾಡಲಾರದು. ಹೆಚ್ಚು ಅರೆದರೆ ನೀರಿನಲ್ಲಿ ತೇಲುವ ಕೆಸರಾಗಿ ಬೇಕಾದದ್ದೂ ಕೈ ತಪ್ಪುತ್ತದೆ. ವಿದ್ಯುತ್ತಿನ ಬಿಲ್ಲಿನಲ್ಲಿ ದೊಡ್ಡ ಪಾಲು ಅರೆಯುವುದಕ್ಕೇ ಹೋಗುತ್ತದೆ ಎಂಬುದನ್ನೂ ನೆನಪಿಡಿ.

ಇದನ್ನೆಲ್ಲ ಒಟ್ಟಿಗೆ ನೋಡಲು ನಮಗೆ ಹತ್ತಿರದ ಉದಾಹರಣೆ ಘಟ್ಟದ ಮೇಲಿನ ಕುದುರೆಮುಖ. 1976ರಲ್ಲಿ ಅಲ್ಲಿ ಕಬ್ಬಿಣದ ಅದಿರಿನ ಕಂಪನಿ ಶುರುವಾಯಿತು. ಅಲ್ಲಿನ ಅದಿರಿನಲ್ಲಿ ನೂರಕ್ಕೆ 40ಕ್ಕಿಂತ ಕಡಿಮೆ ಕಬ್ಬಿಣ. ಸಂಸ್ಕರಿಸಿದ ಮೇಲೆ 67ರ ಆಸುಪಾಸು. ಕಬ್ಬಿಣದ ಖನಿಜವಾದ ಮ್ಯಾಗ್ನಟೈಟನ್ನು ಕಾಂತದ ಡ್ರಮ್ಮುಗಳು ಹಿಡಿಯುತ್ತಿದ್ದವು. ಆದರೆ ಘಟ್ಟದ ಮಳೆಗೆ ಮೇಲ್ಪದರದ ಮ್ಯಾಗ್ನಟೈಟ್ ಬಹುಮಟ್ಟಿಗೆ ಹೆಮಟೈಟಿಗೆ ತಿರುಗಿತ್ತು, ಅದು ಸಾಮಾನ್ಯ ಕಾಂತಕ್ಕೆ ಅಂಟದು. ಅದಕ್ಕಾಗಿ ಸ್ಪೈರಲ್ಲುಗಳಿದ್ದವು: ತಿರುಗಿ ತಿರುಗಿ ಇಳಿಯುವ ತೊಟ್ಟಿಯಲ್ಲಿ ಕೆಸರುನೀರು ಹರಿಯುವಾಗ ಭಾರದ ಕಣ ತಳ ಹಿಡಿದು ಒಳ ಅಂಚಿಗೆ ಬರುತ್ತದೆ, ಹಗುರವಾದದ್ದು ನೀರಿನೊಡನೆ ಹೊರ ಅಂಚಿಗೆ ಓಡುತ್ತದೆ. ಸಿದ್ಧವಾದ ಪುಡಿ ನೀರಿನಲ್ಲಿ ಬೆರೆತು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿದು ಪಣಂಬೂರಿಗೆ ಬರುತ್ತಿತ್ತು.

ಒಂದು ಲೆಕ್ಕ ಮಾಡಿ. ನೂರು ಟನ್ ಅದಿರಿನಲ್ಲಿ 38 ಟನ್ ಕಬ್ಬಿಣ ಇದೆ ಎನ್ನಿ. ಒಂದಿಷ್ಟೂ ಸೋರಿಹೋಗದಿದ್ದರೂ 67ರ ಪುಡಿ ಸಿಗುವುದು ಹೆಚ್ಚೆಂದರೆ 57 ಟನ್. ಉಳಿದ 43 ಟನ್ ನುಣ್ಣನೆಯ ಕೆಸರು ಎಲ್ಲಿಗೆ ಹೋಗಬೇಕು? ಕುದುರೆಮುಖದಲ್ಲಿ ಅದಕ್ಕಾಗಿಯೇ ಲಕ್ಯಾ ಅಣೆಕಟ್ಟು ಕಟ್ಟಿದರು. ನಾನು ಪಾಠ ಹೇಳುವಾಗ ಈ 43ನ್ನು ಮೊದಲು ಬರೆಸುತ್ತೇನೆ, 57ನ್ನು ಆಮೇಲೆ. ಭದ್ರೆಯ ತಲೆಯಲ್ಲಿ, ಮಳೆಕಾಡಿನ ನಡುವೆ ಗಣಿ ಬೇಡ ಎಂಬ ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕೆಸರು ಈಗಲೂ ಅಣೆಕಟ್ಟಿನ ಹಿಂದೆಯೇ ಇದೆ.

ತೂಕವೂ ಕಾಂತವೂ ಕೈಕೊಡುವ ಅದಿರುಗಳಿವೆ. ಚಿತ್ರದುರ್ಗದ ಬಳಿ ಇಂಗಳದಾಳದಲ್ಲಿ ಸಿಗುತ್ತಿದ್ದ ತಾಮ್ರದ ಅದಿರು ಅಂಥದ್ದು. ನುಣ್ಣಗೆ ಅರೆದ ಕೆಸರಿಗೆ ತಾಮ್ರದ ಖನಿಜಕ್ಕೆ ಮಾತ್ರ ಅಂಟಿಕೊಳ್ಳುವ ರಸಾಯನ ಹಾಕಿದರೆ ಆ ಕಣ ನೀರಿಗೆ ನೆನೆಯುವುದಿಲ್ಲ. ಕೆಳಗಿನಿಂದ ಗಾಳಿ ಊದಿದಾಗ ಅದು ಗುಳ್ಳೆಯನ್ನು ಹಿಡಿದು ನೊರೆಯಲ್ಲಿ ಮೇಲೆ ಬರುತ್ತದೆ. ನೆನೆದ ಕಲ್ಲು ಕೆಳಗೇ ಉಳಿಯುತ್ತದೆ. ಭಾರದ ಖನಿಜವೇ ತೇಲಿ, ಹಗುರ ಕಲ್ಲು ಮುಳುಗುವುದು ಹೊಸಬರನ್ನು ಬೆರಗುಗೊಳಿಸುತ್ತದೆ.

ಚಿನ್ನದ್ದು ಬೇರೆ ದಾರಿ. ಅದು ನೀರಿಗಿಂತ 19 ಪಟ್ಟು ಭಾರ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಿಗೆಯಲ್ಲಿ ಮರಳು ತೊಳೆದು ಅದನ್ನು ಹಿಡಿಯುತ್ತಿದ್ದರು. ಆದರೆ ಕಲ್ಲಿನೊಳಗಿನ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನ ತೊಳೆದರೆ ಸಿಗದು. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಪೇಟೆಂಟ್ ಪಡೆದ ಸಯನೈಡ್ ವಿಧಾನದಲ್ಲಿ ಚಿನ್ನ ತೆಳು ದ್ರಾವಣದಲ್ಲಿ ಕರಗುತ್ತದೆ, ಕಲ್ಲು ಕರಗದೆ ಉಳಿಯುತ್ತದೆ. ದ್ರಾವಣವನ್ನು ಸುಣ್ಣ ಹಾಕಿ ಕ್ಷಾರೀಯವಾಗಿ ಇಡಬೇಕು, ಇಲ್ಲದಿದ್ದರೆ ಪ್ರಾಣ ತೆಗೆಯುವ ವಿಷಾನಿಲ ಏಳುತ್ತದೆ. ಆಮೇಲೆ ಇದ್ದಿಲು ಅಥವಾ ಸತುವಿನ ಪುಡಿಯಿಂದ ಚಿನ್ನವನ್ನು ಮರಳಿ ಪಡೆಯುತ್ತಾರೆ.

ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಒಂದು ಶತಮಾನದಲ್ಲಿ ಅರೆದು ಚೆಲ್ಲಿದ ಪುಡಿ ಊರಿನ ಸುತ್ತ ಗುಡ್ಡಗಳಾಗಿ ನಿಂತಿದೆ. ಬಿರುಗಾಳಿಗೆ ಆ ಧೂಳು ಮನೆಗಳ ಮೇಲೆ ಬೀಳುತ್ತದೆ. ಅದರಲ್ಲಿ ಟನ್ನಿಗೆ ಒಂದು ಗ್ರಾಂಗೂ ಕಡಿಮೆ ಚಿನ್ನ ಉಳಿದಿದೆ. ಆ ಚಿನ್ನದ ಒಂದು ಪಾಲು, ಹಿಂದಿನ ಮಿಲ್ಲುಗಳು ಸಾಕಷ್ಟು ನುಣ್ಣಗೆ ಅರೆಯದ ಕಣಗಳ ಒಳಗೆ ಸಿಕ್ಕಿಕೊಂಡದ್ದು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅಂಥ 13 ರಾಶಿಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಭೂಮಿಯನ್ನು ಹೊಸದಾಗಿ ಅಗೆಯಬೇಕಿಲ್ಲ, ಆದರೆ ಚಿನ್ನ ತೆಗೆದ ಮೇಲೂ ಹೆಚ್ಚುಕಡಿಮೆ ಅಷ್ಟೇ ಟನ್ ಪುಡಿ ಉಳಿಯುತ್ತದೆ. ಈ ಸಲ ಅದನ್ನು ಎಲ್ಲಿ ಇಡುತ್ತಾರೆ, ಹೇಗೆ ಮುಚ್ಚುತ್ತಾರೆ ಎಂಬುದನ್ನು ಅಲ್ಲಿನ ಜನ ಈಗಲೇ ಕೇಳಬೇಕು.