ಸರ್ಪಸುತ್ತಿನ ನೋವಿಗೆ ಹಚ್ಚುವ ಔಷಧ: ಗ್ರಾಹಕರಿಗೆ ಗೊತ್ತಿರಬೇಕಾದ ಹಕ್ಕುಗಳು

ಸರ್ಪಸುತ್ತಿನ ಗುಳ್ಳೆ ಒಣಗಿ ತಿಂಗಳುಗಳಾದರೂ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ನರದ ಉರಿ ಆರುವುದಿಲ್ಲ. ರವಿಕೆಯ ಅಂಚು ತಾಗಿದರೂ ಬೆನ್ನು ಧಗಧಗಿಸುತ್ತದೆ. ಇದಕ್ಕೆ ವೈದ್ಯರು ಲಿಡೊಕೇನ್ ಪ್ಯಾಚ್ ಇಲ್ಲವೇ ಕ್ಯಾಪ್ಸೈಸಿನ್ ಮುಲಾಮು ಬರೆದುಕೊಡುವುದುಂಟು. ನೋವಿನಲ್ಲಿರುವವರು ಸುಲಭವಾಗಿ ಮೋಸಹೋಗುತ್ತಾರೆ. ಅವರ ರಕ್ಷಣೆಗೆ ಕಾನೂನಿದೆ.

ಕೊಳ್ಳುವಾಗ

ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ನೋಡಿಕೊಳ್ಳಿ. ಬಿಲ್ ಕೇಳಿ ಪಡೆಯಿರಿ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

'ಮೂರೇ ದಿನದಲ್ಲಿ ಗುಣ' ಎಂಬಂಥ ಸುಳ್ಳು ಜಾಹೀರಾತು ಕೊಟ್ಟ ತಯಾರಕರಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಬಳಸುವಾಗ

ಲಿಡೊಕೇನ್ 5% ಪ್ಯಾಚನ್ನು ಗಾಯವಿಲ್ಲದ ಚರ್ಮಕ್ಕೆ ಮಾತ್ರ ಅಂಟಿಸಬೇಕು. ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು. ಕ್ಯಾಪ್ಸೈಸಿನ್ ಮೆಣಸಿನಕಾಯಿಯ ಖಾರದ ಅಂಶ. ಹಚ್ಚಿದ ಕೈ ತೊಳೆಯದೆ ಕಣ್ಣು ಮುಟ್ಟಬಾರದು. ಇಂಥ ಎಚ್ಚರಿಕೆಗಳನ್ನು ಸರಿಯಾಗಿ ತಿಳಿಸದೆ ಬಳಕೆದಾರರಿಗೆ ಹಾನಿಯಾದರೆ, ಅದೇ ಕಾಯ್ದೆಯ ಸೆಕ್ಷನ್ 84ರಡಿ ತಯಾರಕರು ಹೊಣೆಗಾರರು.

ತೊಂದರೆಯಾದಾಗ

1. ಬಳಕೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಚರ್ಮದ ಫೋಟೊ ತೆಗೆದಿಡಿ. ಉಳಿದ ಔಷಧ, ಪೊಟ್ಟಣ, ಚೀಟಿ, ಬಿಲ್ ಯಾವುದನ್ನೂ ಎಸೆಯಬೇಡಿ.

2. ಅಡ್ಡಪರಿಣಾಮವನ್ನು 1800-180-3024 ಉಚಿತ ಸಹಾಯವಾಣಿಗೆ ತಿಳಿಸಿ.

3. ಗುಣಮಟ್ಟದ ಬಗ್ಗೆ ಅನುಮಾನವಿದ್ದರೆ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡಿ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಸೆಕ್ಷನ್ 26ರಂತೆ, ನಿಗದಿತ ಶುಲ್ಕ ಕಟ್ಟಿ ನೀವೇ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು.

4. ಬೆಲೆ, ಬಿಲ್ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

5. ಪರಿಹಾರಕ್ಕಾಗಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಔಷಧ ಎಲ್ಲೇ ಕೊಂಡಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು.

ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ವೈದ್ಯಕೀಯ ದಾಖಲೆಗಳನ್ನು ಬರವಣಿಗೆಯಲ್ಲಿ ಕೇಳಿ. 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ ವೈದ್ಯರಿಗಿದೆ.

ಮಹಿಳೆಯರು, ಅಂಗವಿಕಲರು, ಪರಿಶಿಷ್ಟ ಜಾತಿ, ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. 15100ಕ್ಕೆ ಕರೆ ಮಾಡಿ. ಮನೆಯ ಹಿರಿಯರು ಈ ನೋವಿನಲ್ಲಿದ್ದರೆ ಅವರ ಬಿಲ್, ಚೀಟಿಗಳನ್ನು ಇಂದೇ ಒಂದು ಕಡೆ ಜೋಡಿಸಿಡಿ. ದಾಖಲೆ ಕೈಯಲ್ಲಿದ್ದವರ ದೂರಿಗೆ ಬಲ ಹೆಚ್ಚು.